ಮಾಳಿಗೆಗೆ ಸವಳು ಹಾಕುವ ಮುಂಚೆ: ಮಣ್ಣಿನ ಮನೆ ಮಳೆಗಾಲಕ್ಕೆ ತಯಾರು ಮಾಡುವುದು ಹೇಗೆ

ಮಾಳಿಗೆ, ಅಂದ್ರೆ ಮಣ್ಣು ಹೊದಿಸಿದ ಮಟ್ಟಸ ಚಾವಣಿ, ಸೋರಿತು ಅಂದ್ರೆ ನಮ್ಮ ಕಡೆ ಎಲ್ಲರೂ ಮಾಡೋದು ಒಂದೇ ಕೆಲಸ. ಇನ್ನೊಂದು ಟ್ರಾಲಿ ಸವಳು ಮಣ್ಣು (ನೀರು ಇಳಿಯಲು ಬಿಡದ ಚೌಳು ಮಣ್ಣು) ತರಿಸಿ ಮೇಲೆ ಸುರಿಯೋದು. ಆ ವರ್ಷ ಸೋರೋದು ನಿಲ್ಲುತ್ತದೆ. ಮುಂದಿನ ವರ್ಷ ಮತ್ತೊಂದು ಟ್ರಾಲಿ. ಹೀಗೆ ಅಪ್ಪ ಹಾಕಿದ್ದು, ಅಜ್ಜ ಹಾಕಿದ್ದು ಎಲ್ಲ ಮೇಲೇ ಕೂತಿರುತ್ತದೆ. ಕೆಳಗೆ ಭಾರ ಹೊರೋದು ಅದೇ ಹಳೇ ತೊಲೆ, ಅದರ ಮೇಲೆ ಅಡ್ಡ ಹಾಕಿದ ಅದೇ ಹಳೇ ಜಂತಿ. ಕೊಪ್ಪಳ, ರಾಯಚೂರು, ಬಳ್ಳಾರಿ ಹಳ್ಳಿಗಳಲ್ಲಿ ಇಂಥ ಮಾಳಿಗೆ ಮನೆಗಳು ಇನ್ನೂ ಬೇಕಾದಷ್ಟಿವೆ. ಏಪ್ರಿಲ್, ಮೇ ಬಿಸಿಲಿಗೆ ಆರ್‌ಸಿಸಿ ಮನೆಯವರೂ ಮಧ್ಯಾಹ್ನ ಇಲ್ಲೇ ಬಂದು ಅಡ್ಡಾಗುತ್ತಾರೆ. ಹಾಗಾಗಿ ಕೆಡವೋ ಮಾತು ಬೇಡ, ಉಳಿಸಿಕೊಳ್ಳೋ ಮಾತು ಆಡೋಣ. ಅದಕ್ಕೆ ಮೇಲೆ ಮಣ್ಣು ಹಾಕೋದಕ್ಕಿಂತ ಮೊದಲು ಮೇಲಿನ ಮಣ್ಣು ಇಳಿಸೋದು ಕಲಿಯಬೇಕು.

ಯಾವಾಗ ಶುರು ಮಾಡಬೇಕು

ಶಾವಿಗೆ, ಹಪ್ಪಳ, ಸಂಡಿಗೆ ಒಣಗಿಸೋದು ಮುಗಿದು, ಮೆಣಸಿನಕಾಯಿ ಚೀಲ ಕೆಳಗೆ ಇಳಿದ ಮೇಲೆ ಮಾಳಿಗೆ ಖಾಲಿ ಆಗುತ್ತದೆ. ಆಗಲೇ ಶುರು ಮಾಡಿ. ಮೇ ಎರಡನೇ ವಾರದ ಹೊತ್ತಿಗೆ ಕೃತ್ತಿಕಾ ಮಳೆ, ಮೇ ಕೊನೆಗೆ ರೋಹಿಣಿ, ಜೂನ್ 7-8ಕ್ಕೆ ಮಿರಗ (ಮೃಗಶಿರಾ ಮಳೆ) ಕೂಡುತ್ತದೆ. ರೋಹಿಣಿ ಒಳಗೆ ಕೆಲಸ ಮುಗಿಯಬೇಕು. ಮಿರಗ ಕೂಡಿದ ಮೇಲೆ ಎಲ್ಲರೂ ಬಿತ್ತಿಗೆ ಗಡಿಬಿಡಿಯಲ್ಲಿ ಇರುತ್ತಾರೆ. ಆಳೂ ಸಿಗಲ್ಲ, ಟ್ರ್ಯಾಕ್ಟರೂ ಸಿಗಲ್ಲ.

ಇನ್ನೊಂದು ಮಾತು. ನಮ್ಮ ಜಿಲ್ಲೆಗಳಲ್ಲಿ ವರ್ಷಕ್ಕೆ ಬೀಳೋದೇ 600 ಮಿ.ಮೀ. ಆಸುಪಾಸಿನ ಮಳೆ. ಅದರಲ್ಲಿ ಜೋರು ಮಳೆ ಜೂನ್‌ನಲ್ಲಿ ಅಲ್ಲ, ಸೆಪ್ಟೆಂಬರ್‌ನಲ್ಲಿ, ಹುಬ್ಬಿ, ಉತ್ತರಿ ಮಳೆ ಹೊತ್ತಿಗೆ. ಹಾಗಾಗಿ ಜೂನ್, ಜುಲೈ ಮಳೆಗೆ ಸೋರಲಿಲ್ಲ ಅಂತ ನಿಶ್ಚಿಂತೆ ಆಗಬೇಡಿ. ಆ ಎರಡು ತಿಂಗಳು ಮಾಳಿಗೆಯ ತಪ್ಪು ತೋರಿಸೋಕೆ ಇವೆ, ಅಷ್ಟೇ.

ಮೊದಲು ಒಳಗಿನಿಂದ ನೋಡಿ

ನಿಚ್ಚಣಿಕೆ ಮೇಲಕ್ಕೆ ಹಚ್ಚುವ ಮುಂಚೆ ಮನೆ ಒಳಗೆ ಬ್ಯಾಟರಿ ಹಿಡಿದು ಅಂಕಣ (ಎರಡು ತೊಲೆ ನಡುವಿನ ಜಾಗ) ಅಂಕಣಕ್ಕೆ ತಲೆ ಎತ್ತಿ ನೋಡಿ. ನೋಡಬೇಕಾದದ್ದು ಜಂತಿಯ ನಡು ಅಲ್ಲ, ಜಂತಿಯ ತುದಿ. ಗೋಡೆ ಒಳಗೆ ಹೋಗಿರುವ ತುದಿಗೆ ಗಾಳಿ ಆಡಲ್ಲ. ಗೋಡೆ ನೆನೆದರೆ ಮೊದಲು ಕೊಳೆಯೋದು ಅದೇ. ಹೊಗೆ ಹಿಡಿದು ಕಪ್ಪಗೆ ಗಟ್ಟಿಯಾಗಿ ಕಾಣುವ ಜಂತಿಯೂ ತುದಿಯಲ್ಲಿ ಹಿಟ್ಟಾಗಿರಬಹುದು. ಕೊಡಲಿಯ ಹಿಂಬದಿಯಿಂದ ಮೆಲ್ಲಗೆ ಬಡಿಯಿರಿ. ಗಟ್ಟಿ ಮರ ಟಣ್ ಅನ್ನುತ್ತದೆ. ಒಳಗೆ ಪೊಳ್ಳಾಗಿದ್ದರೆ ದಬ್ ಅನ್ನುತ್ತದೆ. ಅನುಮಾನ ಬಂದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಅರ್ಧ ಇಂಚು ಸಲೀಸಾಗಿ ಒಳಗೆ ಹೋಯಿತು ಅಂದ್ರೆ ಆ ಜಂತಿಯನ್ನು ಲೆಕ್ಕದಿಂದ ಬಿಡಿ. ಬಡಿಗೇರರನ್ನು ಕರೆಸಿ. ಅವರು ಬರೋ ತನಕ ಆ ಅಂಕಣದ ಮೇಲೆ ಯಾರೂ ಕಾಲಿಡಬಾರದು.

ಗೆದ್ದಲಿನ ಮಣ್ಣಿನ ಗೆರೆ ಗೋಡೆ ಹತ್ತಿ ಜಂತಿ ತಲುಪಿದ್ದರೆ ಕೆರೆದು ತೆಗೆಯಿರಿ. ಬರೀ ಗೆರೆ ಒರೆಸಿದರೆ ಸಾಲದು. ಅದು ನೆಲದಲ್ಲಿ ಎಲ್ಲಿಂದ ಎದ್ದಿದೆ ನೋಡಿ ಅಲ್ಲೇ ಔಷಧ ಹಾಕಬೇಕು. ಮರಕ್ಕೆ ಸುಟ್ಟ ಆಯಿಲ್ ಬಳಿಯೋ ರೂಢಿ ಇದೆ. ಒಲೆ ಇರೋ ಅಂಕಣದಲ್ಲಿ ಮಾತ್ರ ಅದು ಬೇಡ, ಬೆಂಕಿಗೆ ಹತ್ತಿರ.

ಜಂತಿ ಜಗ್ಗಿದೆಯಾ ಅಂತ ಕಣ್ಣಳತೆಯಲ್ಲಿ ಗೊತ್ತಾಗಲ್ಲ. ಒಂದು ತುದಿಯಿಂದ ಇನ್ನೊಂದು ತುದಿಗೆ ದಾರ ಬಿಗಿದು ಕಟ್ಟಿ. ಹತ್ತು ಅಡಿ ಜಂತಿ ನಡುವೆ ದಾರಕ್ಕಿಂತ ಒಂದಿಂಚಿಗಿಂತ ಜಾಸ್ತಿ ಇಳಿದಿದ್ದರೆ ಕೆಳಗೆ ಆಸರೆಗೆ ಊರುಗಂಬ ಕೊಟ್ಟೇ ಮೇಲೆ ಹತ್ತಿ.

ಮಣ್ಣಿನ ದಪ್ಪ ಎಷ್ಟಿದೆ?

ಇದನ್ನು ಅಳೆಯೋಕೆ ಮಾಳಿಗೆ ಅಗೆಯಬೇಕಾಗಿಲ್ಲ. ಗವಾಕ್ಷಿ (ಬೆಳಕು, ಹೊಗೆಗೆ ಮಾಳಿಗೆಯಲ್ಲಿ ಬಿಟ್ಟ ಕಿಂಡಿ) ಬಾಯಿಯ ಅಂಚಿನಲ್ಲಿ ಜಂತಿ, ಅದರ ಮೇಲಿನ ಗಳ, ಸೊಪ್ಪು, ಆಮೇಲೆ ಮಣ್ಣು, ಎಲ್ಲ ಸಾಲಾಗಿ ಕಾಣುತ್ತದೆ. ಸೊಪ್ಪಿನ ಮೇಲಿಂದ ಮಣ್ಣಿನ ತುದಿವರೆಗೆ ಅಳತೆ ಪಟ್ಟಿ ಹಿಡಿಯಿರಿ. ಇನ್ನೊಂದು ಗುರುತು ಕುಂಬಿ, ಅಂದ್ರೆ ಮಾಳಿಗೆ ಅಂಚಿನ ಗಿಡ್ಡ ಗೋಡೆ. ಮನೆ ಕಟ್ಟಿದಾಗ ಮೊಣಕಾಲು ಮಟ್ಟ ಇದ್ದ ಕುಂಬಿ ಈಗ ಗೇಣುದ್ದ ಉಳಿದಿದೆ ಅಂದ್ರೆ ಕುಂಬಿ ಸವೆದಿಲ್ಲ, ಮಾಳಿಗೆ ಏರಿದೆ. ನೀರು ಹೊರಗೆ ಬೀಳುವ ದೋಣಿಯ ಬಾಯಿ ಅರ್ಧ ಮಣ್ಣಲ್ಲಿ ಹೂತಿದ್ದರೂ ಅದೇ ಅರ್ಥ.

ತೂಕದ ಲೆಕ್ಕ ಒಮ್ಮೆ ಹಾಕಿ ನೋಡಿ. ಹತ್ತು ಅಡಿಗೆ ಹತ್ತು ಅಡಿ ಜಾಗದಲ್ಲಿ ಒಂದೇ ಒಂದು ಇಂಚು ಮಣ್ಣು ಹರಡಿದರೆ ಸುಮಾರು 8 ಘನ ಅಡಿ ಆಯಿತು. ಒಣ ಮಣ್ಣಿನ ಲೆಕ್ಕದಲ್ಲಿ ಅದು ಹತ್ತಿರ ಹತ್ತಿರ 350 ಕೆ.ಜಿ. ಅಂದ್ರೆ ಏಳು ಚೀಲ ಸಿಮೆಂಟ್. ನೆನೆದರೆ 400 ದಾಟುತ್ತದೆ. ನಾಲ್ಕು ವರ್ಷ ಒಂದೊಂದು ಇಂಚು ಏರಿಸುತ್ತಾ ಹೋದರೆ ಆ ಒಂದು ಕೋಣೆ ಮೇಲೆ ಒಂದೂವರೆ ಟನ್ ಹೆಚ್ಚಿಗೆ ಕೂತಿರುತ್ತದೆ. ಸೋರಿದ ಮನೆಯಲ್ಲಿ ಪಾತ್ರೆ ಇಟ್ಟು ರಾತ್ರಿ ಕಳೆಯಬಹುದು. ಕುಸಿದ ಮನೆಯಲ್ಲಿ ಹಾಗಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಬಿಡದೆ ಹೊಡೆದ ಮಳೆಗೆ ಈ ಮೂರೂ ಜಿಲ್ಲೆಗಳಲ್ಲಿ ಮಣ್ಣಿನ ಮನೆಗಳು ಸಾಲಾಗಿ ಬಿದ್ದದ್ದು ಬಹಳ ಜನಕ್ಕೆ ನೆನಪಿರಬೇಕು. ಒಂದೆರಡು ತಾಸಿನ ಮಳೆ ಮೇಲ್ಪದರ ತೋಯಿಸಿ ಹರಿದು ಹೋಗುತ್ತದೆ. ದಿನಗಟ್ಟಲೆ ಹಿಡಿದರೆ ಮಣ್ಣು ಪೂರ್ತಿ ನೀರು ಕುಡಿಯುತ್ತದೆ, ಗೋಡೆ ಮೆತ್ತಗಾಗುತ್ತದೆ. ಮೇಲೆ ಭಾರ ಏರಿದ ಹೊತ್ತಿಗೇ ಕೆಳಗೆ ಬಲ ಇಳಿದಿರುತ್ತದೆ.

ಹಾಗಾದರೆ ಎಷ್ಟಿರಬೇಕು? ಮರ ಗಟ್ಟಿ ಇದ್ದರೆ ಆರರಿಂದ ಎಂಟು ಇಂಚು ಸಾಕು ಅನ್ನೋದು ನನ್ನ ಅಭಿಪ್ರಾಯ. ಒಂಬತ್ತು ಇಂಚು ದಾಟಿದ್ದರೆ ಈ ವರ್ಷ ಇಳಿಸಿ.

ಇಳಿಸುವ ಕೆಲಸ

ಇದರಲ್ಲಿ ಗಡಿಬಿಡಿ ಮಾಡಬಾರದು. ಗುದ್ದಲಿಯಿಂದ ಅಗೆಯಬೇಡಿ, ಏಟಿಗೆ ಕೆಳಗಿನ ಸೊಪ್ಪು, ಗಳ ಎಲ್ಲ ಕಿತ್ತು ಬರುತ್ತವೆ. ಸಲಿಕೆಯಿಂದ ಕೆರೆಯಿರಿ. ಒಂದೇ ಮೂಲೆ ಪೂರ್ತಿ ಖಾಲಿ ಮಾಡದೆ ಇಡೀ ಮಾಳಿಗೆ ಮೇಲೆ ಒಂದೊಂದು ಇಂಚು ತೆಗೆಯುತ್ತಾ ಬನ್ನಿ. ಕೆರೆದ ಮಣ್ಣನ್ನು ನಡುವೆ ಗುಡ್ಡೆ ಹಾಕಬೇಡಿ. ಆಗಿಂದಾಗ ಪುಟ್ಟಿಗೆ ತುಂಬಿ ಹಗ್ಗ ಕಟ್ಟಿ ಕೆಳಗೆ ಬಿಡಿ. ಗೋಡೆ ಬುಡಕ್ಕೆ ಸುರಿಯೋದೂ ಬೇಡ, ಅಂಗಳದ ಆಚೆ ಹಾಕಿಸಿ. ಒಂದು ಅಂಕಣದ ಮೇಲೆ ಇಬ್ಬರಿಗಿಂತ ಜಾಸ್ತಿ ಜನ ನಿಲ್ಲಬಾರದು. ನಿಲ್ಲುವವರೂ ಗೋಡೆ ಅಥವಾ ತೊಲೆ ಇರುವ ಗೆರೆಯ ಮೇಲೆ ನಿಲ್ಲಲಿ. ಆ ಹೊತ್ತಿಗೆ ಕೆಳಗಿನ ಮನೆಯಲ್ಲಿ ಯಾರೂ ಇರಬಾರದು. ತೊಟ್ಟಿಲಲ್ಲಿ ಮಲಗಿದ ಕೂಸು, ಕಟ್ಟಿದ ಎಮ್ಮೆ, ಎಲ್ಲ ಹೊರಗೆ.

ಇಳಿಸಿದ ಮಣ್ಣು ದಂಡ ಆಗಲ್ಲ. ಕುಂಬಿ ಮೆತ್ತೋಕೆ, ಗೋಡೆ ಬುಡ ಎತ್ತರ ಮಾಡೋಕೆ ಬರುತ್ತದೆ. ಮೇಲ್ಪದರದ ಸವಳು ಬೇರೆ ಇಟ್ಟರೆ ಮತ್ತೆ ಬಳಸಬಹುದು. ಹೊಲಕ್ಕೆ ಮಾತ್ರ ಹಾಕಬೇಡಿ, ನೀರು ಇಂಗಲ್ಲ.

ಹಾಗೇ ಕಣ್ಣಿಗೆ ಬಿದ್ದ ಹುಲ್ಲು, ಬೇವಿನ ಸಸಿ, ಅರಳಿ ಸಸಿ ಬೇರು ಸಮೇತ ಕೀಳಿ. ಅರಳಿ ಕುಂಬಿಯೊಳಗೆ ಬೇರು ಬಿಟ್ಟರೆ ಗೋಡೆ ಸೀಳದೆ ಬಿಡಲ್ಲ. ಒಂದು ವಿಷಯ ಗಮನಿಸಿ. ಒಳ್ಳೆ ಸವಳಿನ ಮೇಲೆ ಹುಲ್ಲು ಸರಿಯಾಗಿ ಏಳಲ್ಲ. ಮಾಳಿಗೆಯ ಒಂದು ಕಡೆ ಮಾತ್ರ ಕರಿಕೆ ಹಬ್ಬಿದೆ ಅಂದ್ರೆ ಅಲ್ಲಿಯ ಸವಳು ತೊಳೆದು ಹೋಗಿದೆ ಅಂತ ತಿಳಿಯಿರಿ. ಹೆಗ್ಗಣದ ಬಿಲ ಸಿಕ್ಕರೆ ಬಾಯಿ ಮುಚ್ಚಿ ಸುಮ್ನಾಗಬೇಡಿ. ಬಿಲ ಹೋದಷ್ಟು ದೂರ ಬಿಡಿಸಿ, ಹಸಿ ಮಣ್ಣಿನ ಉಂಡೆ ತುರುಕಿ, ಹಾರೆಯ ಹಿಂಬದಿಯಿಂದ ಜಡಿಯಿರಿ.

ನೀರು ಎಲ್ಲಿ ನಿಲ್ಲುತ್ತದೆ

ಮಣ್ಣು ತರಿಸುವ ಮುಂಚೆ ಒಂದು ಕೊಡ ನೀರು ಮೇಲಕ್ಕೆ ತಗೊಂಡು ಹೋಗಿ. ದೋಣಿಯಿಂದ ದೂರದ ಮೂಲೆಯಲ್ಲಿ ನಿಧಾನ ಸುರಿಯಿರಿ. ನೀರು ದೋಣಿ ಕಡೆ ಓಡಬೇಕು. ನಡುವೆ ತಟ್ಟೆಯಷ್ಟು ಜಾಗದಲ್ಲಿ ನಿಂತರೂ ಅಲ್ಲಿ ಸುಣ್ಣದ ಪುಡಿಯಿಂದ ಗೆರೆ ಹಾಕಿ. ಸೋರೋದು ಹೆಚ್ಚಾಗಿ ಇಲ್ಲಿಂದಲೇ. ಹತ್ತು ಅಡಿಗೆ ಎರಡೂವರೆ, ಮೂರು ಇಂಚು ಇಳಿಜಾರು ಇದ್ದರೆ ಸಾಕು. ಅದಕ್ಕಿಂತ ಜಾಸ್ತಿ ಮಾಡಿದರೆ ಜೋರು ಮಳೆಗೆ ಮಣ್ಣೇ ಕೊಚ್ಚಿ ಹೋಗುತ್ತದೆ.

ದೋಣಿ ಎಷ್ಟಿರಬೇಕು ಅನ್ನೋದಕ್ಕೂ ಲೆಕ್ಕ ಇದೆ. 20 ಅಡಿಗೆ 30 ಅಡಿ ಮಾಳಿಗೆ ಮೇಲೆ ಒಂದಿಂಚು ಮಳೆ ಬಿದ್ದರೆ 1,400 ಲೀಟರ್ ನೀರು. ಅದೆಲ್ಲ ಒಂದೇ ದೋಣಿಯಿಂದ ಇಳಿಯಬೇಕು ಅಂದ್ರೆ ಕಷ್ಟ. ಎರಡು ಇಡಿ. ಗೋಡೆಯಿಂದ ಕನಿಷ್ಠ ಒಂದೂವರೆ ಅಡಿ ಆಚೆ ನೀರು ಬೀಳುವಷ್ಟು ಉದ್ದ ಇರಲಿ. ಬೀಳುವ ಜಾಗಕ್ಕೆ ಒಂದು ಪರಸಿ ಕಲ್ಲು ಹಾಕಿ. ಇಲ್ಲ ಅಂದ್ರೆ ಅಲ್ಲಿ ಗುಂಡಿ ಬಿದ್ದು ನೀರು ಬುಡಕ್ಕೆ ಇಳಿಯುತ್ತದೆ. ಮಾಳಿಗೆ ಚೆನ್ನಾಗಿದ್ದೂ ಗೋಡೆ ಬುಡ ಕರಗಿ ಬಿದ್ದ ಮನೆಗಳಿವೆ.

ಸವಳು ಆರಿಸೋದು

ಕರಲು ಅನ್ನಿ, ಚೌಳು ಅನ್ನಿ, ಸವಳು ಅನ್ನಿ, ಎಲ್ಲ ಒಂದೇ ಜಾತಿ ಮಣ್ಣು. ಹೊಲದಲ್ಲಿ ರೈತನಿಗೆ ಶತ್ರು, ಮಾಳಿಗೆ ಮೇಲೆ ದೋಸ್ತ. ತುಂಗಭದ್ರಾ ಕಾಲುವೆ ನೀರು ಹರಿಯೋ ಗಂಗಾವತಿ, ಸಿಂಧನೂರು, ಮಾನ್ವಿ, ಸಿರುಗುಪ್ಪ ಕಡೆ ತಗ್ಗಿನ ಹೊಲಗಳಲ್ಲಿ ಇದಕ್ಕೆ ಬರ ಇಲ್ಲ. ಈ ಮಣ್ಣಿನಲ್ಲಿ ಸೋಡಿಯಂ ಜಾಸ್ತಿ. ಮಳೆ ನೀರು ತಾಗಿದಾಗ ಜೇಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡಿರದೆ ಬಿಡಿಬಿಡಿ ಆಗುತ್ತವೆ, ಉಬ್ಬುತ್ತವೆ, ಮಣ್ಣಿನ ಸಣ್ಣ ಸಣ್ಣ ತೂತುಗಳಲ್ಲಿ ಹೋಗಿ ಕೂರುತ್ತವೆ. ಮೇಲಿನ ಒಂದು ಪದರ ಮುಚ್ಚಿಕೊಂಡ ಮೇಲೆ ನೀರು ಕೆಳಗಿಳಿಯಲ್ಲ. ಹೊಲದಲ್ಲಿ ನೀರು ಇಂಗದೆ ಬೆಳೆ ಕೊಳೆಯೋದೂ ಇದೇ ಕಾರಣಕ್ಕೆ.

ಬೆಳ್ಳಗೆ ಕಂಡದ್ದೆಲ್ಲ ಸವಳಲ್ಲ. ಬರೀ ಉಪ್ಪು ಹೂ ಬಿಟ್ಟ ಮಣ್ಣೂ ಬೆಳ್ಳಗೇ ಇರುತ್ತದೆ, ಆದರೆ ಅದು ನೀರು ತಡೆಯಲ್ಲ. ಟ್ರಾಲಿ ತುಂಬಿಸುವ ಮುಂಚೆ ಹೀಗೆ ಪರೀಕ್ಷೆ ಮಾಡಿ. ಗಾಜಿನ ಲೋಟದಲ್ಲಿ ನೀರು ತಗೊಳ್ಳಿ. ಕಡಲೆ ಕಾಳಿನಷ್ಟು ಗಾತ್ರದ ಒಣ ಹೆಂಟೆ ಮೆಲ್ಲಗೆ ಬಿಡಿ. ಅಲುಗಾಡಿಸಬೇಡಿ, ಚಮಚ ಹಾಕಬೇಡಿ. ಒಂದೆರಡು ತಾಸಿನಲ್ಲಿ ಹೆಂಟೆಯ ಸುತ್ತ ಹಾಲಿನಂಥ ಮಬ್ಬು ಎದ್ದು ನೀರೆಲ್ಲ ಕದಡಿದರೆ ಅದು ನಿಮಗೆ ಬೇಕಾದ ಮಣ್ಣು. ಹೆಂಟೆ ಒಡೆದು ತಳಕ್ಕೆ ಕೂತು ಮೇಲಿನ ನೀರು ತಿಳಿಯಾಗಿಯೇ ಇದ್ದರೆ ಬೇಡ. ಈ ಪರೀಕ್ಷೆಗೆ ಬೋರಿನ ನೀರು ಬಳಸಬೇಡಿ. ನೀರಿನಲ್ಲೇ ಉಪ್ಪಿದ್ದರೆ ಕಣಗಳು ಬಿಡಿ ಆಗಲ್ಲ, ಒಳ್ಳೆ ಸವಳೂ ಫೇಲ್ ಆಗುತ್ತದೆ. ಮಳೆ ನೀರು ಉತ್ತಮ. ಇಲ್ಲ ಅಂದ್ರೆ ಊರಿನ ಶುದ್ಧ ನೀರಿನ ಘಟಕದಿಂದ ತಂದದ್ದು ಆಗುತ್ತದೆ.

ಎರೆ (ಕಪ್ಪು) ಮಣ್ಣು ಬೇಡವೇ ಬೇಡ. ಜಿಗುಟು ಇದೆ ಅಂತ ಕೆಲವರು ಹಾಕುತ್ತಾರೆ. ಬಿಸಿಲು ಬಿದ್ದ ಕೂಡಲೇ ಬೆರಳು ತೂರುವಷ್ಟು ಬಿರುಕು ಬಿಡುತ್ತದೆ, ಮುಂದಿನ ಮಳೆ ನೇರ ಒಳಗೆ. ಮಸಾರಿ ಕೆಂಪು ಮಣ್ಣು ಬಿರುಕು ಬಿಡಲ್ಲ, ಆದರೆ ನೀರು ಸೋಸುತ್ತದೆ. ಅದು ಕೆಳಪದರಕ್ಕೆ ಸರಿ, ಮೇಲ್ಪದರಕ್ಕೆ ಅಲ್ಲ. ಗಟ್ಟಿ ಆಗಲಿ ಅಂತ ಸವಳಿಗೆ ಸುಣ್ಣ ಬೆರೆಸುವವರೂ ಇದ್ದಾರೆ. ಸವಳು ಹೊಲ ಸುಧಾರಿಸೋಕೆ ಜಿಪ್ಸಂ ಹಾಕುತ್ತಾರೆ ಅಲ್ವಾ? ಅದರಲ್ಲಿರುವ ಕ್ಯಾಲ್ಸಿಯಂ ಕಣಗಳನ್ನು ಗುಂಪು ಕೂಡಿಸಿ ನೀರು ಇಂಗುವ ಹಾಗೆ ಮಾಡುತ್ತದೆ. ಸುಣ್ಣದಲ್ಲೂ ಇರೋದು ಅದೇ. ಹೊಲಕ್ಕೆ ಬೇಕಾದ ಗುಣ ಮಾಳಿಗೆಗೆ ಬೇಡ.

ಎಲ್ಲಿಂದ ತರಿಸಿದರೂ ಹೊಲದವರನ್ನು ಕೇಳಿ ತರಿಸಿ. ಸಾಮಾನ್ಯವಾಗಿ ಬೇಡ ಅನ್ನಲ್ಲ, ಅವರಿಗೂ ಆ ಮಣ್ಣು ಹೋದರೆ ಒಳ್ಳೇದೇ. ಕಾಲುವೆ ಏರಿ ಮಾತ್ರ ಮುಟ್ಟಬೇಡಿ.

ಎಷ್ಟು ತರಿಸಬೇಕು? 600 ಚದರ ಅಡಿ ಮಾಳಿಗೆಗೆ ಒಂದಿಂಚು ಅಂದ್ರೆ 50 ಘನ ಅಡಿ. ಟ್ರಾಲಿ 100 ಘನ ಅಡಿಯದ್ದಾದರೆ ಅರ್ಧ ಟ್ರಾಲಿ. ಪಕ್ಕದ ಮನೆಯವರ ಜೊತೆ ಮಾತಾಡಿ ಪಾಲು ಮಾಡಿಕೊಳ್ಳಿ. ಬಾಡಿಗೆ ಕೊಟ್ಟಿದ್ದೀವಿ ಅಂತ ಪೂರ್ತಿ ಟ್ರಾಲಿ ಮೇಲೇರಿಸೋ ಆಸೆಯೇ ಮಾಳಿಗೆ ದಪ್ಪ ಆಗೋಕೆ ಮೊದಲ ಕಾರಣ.

ಹರಡೋದು

ಸವಳನ್ನು ಕೆಳಗೇ ಒಡೆದು ಕಲ್ಲು, ಬೇರು, ಪ್ಲಾಸ್ಟಿಕ್ ಆರಿಸಿ. ಕಾಳು ಸಾಣಿಸೋ ದೊಡ್ಡ ಜರಡಿ ಇದ್ದರೆ ಅದರಲ್ಲಿ ಹಾಯಿಸಿ. ಮೊದಲು ಸುಣ್ಣದ ಗೆರೆ ಹಾಕಿದ ತಗ್ಗುಗಳನ್ನು ತುಂಬಿ, ನೀರು ಚಿಮುಕಿಸಿ, ಕೊಡತಿಯಿಂದ (ಮರದ ಸುತ್ತಿಗೆ) ತಟ್ಟಿ ಮಟ್ಟ ಮಾಡಿ. ಆಮೇಲೆ ದೂರದ ಮೂಲೆಯಿಂದ ದೋಣಿ ಕಡೆಗೆ ಹಿಮ್ಮುಖವಾಗಿ ಬರುತ್ತಾ ಅರ್ಧರ್ಧ ಇಂಚಿನ ಎರಡು ಪದರ ಹರಡಿ. ಪ್ರತಿ ಪದರಕ್ಕೂ ಸ್ವಲ್ಪ ನೀರು ಚಿಮುಕಿಸಿ ಬರಿಗಾಲಲ್ಲಿ ತುಳಿಯಿರಿ. ಹಿಮ್ಮಡಿಗೆ ಮಣ್ಣು ಅಂಟಿ ಎದ್ದು ಬಂದರೆ ನೀರು ಜಾಸ್ತಿ ಆಗಿದೆ, ಸ್ವಲ್ಪ ಹೊತ್ತು ಬಿಡಿ. ಪುಡಿ ಹಾರಿದರೆ ಕಡಿಮೆ ಆಗಿದೆ. ಹೆಜ್ಜೆ ಗುರುತು ಮೂಡಿ ಅಂಚು ಒಡೆಯದೆ ನಿಂತರೆ ಹದ ಸರಿ ಇದೆ.

ಕುಂಬಿ ಮತ್ತು ಮಾಳಿಗೆ ಕೂಡುವ ಸಂದಿಯಲ್ಲಿ ಮಣ್ಣನ್ನು ಸ್ವಲ್ಪ ಎತ್ತರಿಸಿ ಓರೆಯಾಗಿ ಮೆತ್ತಿ. ಗವಾಕ್ಷಿ ಸುತ್ತಲೂ ಹೀಗೇ ಕಟ್ಟೆ ಏರಿಸಿ. ಕುಂಬಿಯ ತಲೆಗೆ ಸವಳು ಬೇಡ. ಕೆಮ್ಮಣ್ಣಿಗೆ ಹೊಟ್ಟು, ಸಗಣಿ ಹಾಕಿ ನಾಲ್ಕೈದು ದಿನ ನೆನೆಸಿಟ್ಟು ದಿನಾ ತುಳಿದು ಹದ ಮಾಡಿದ ಮಣ್ಣು ಮೆತ್ತಿ. ಗವಾಕ್ಷಿಗೆ ತಗಡು ಮುಚ್ಚುವಾಗ ಹೊಗೆ ಹೋಗಲು ಒಂದು ಬದಿ ಸಂದು ಬಿಡಿ. ಗಾಳಿ ಬರೋ ಪಡುವಣ ಕಡೆ ಅಲ್ಲ, ಅದಕ್ಕೆ ವಿರುದ್ಧ ಬದಿಯಲ್ಲಿ.

ತಾಡಪತ್ರಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಮಣ್ಣಿನ ಒಳಗೆ ಹಾಳೆ ಹಾಸೋದು ನನಗೆ ಅಷ್ಟು ಹಿಡಿಸಲ್ಲ. ಹೆಗ್ಗಣ ಒಂದು ತೂತು ಮಾಡಿದರೆ ನೀರು ಹಾಳೆ ಮೇಲೆ ಓಡಾಡಿ ಎಲ್ಲೋ ಹೋಗಿ ಸೋರುತ್ತದೆ, ಹುಡುಕೋಕೆ ಆಗಲ್ಲ. ಸೆಪ್ಟೆಂಬರ್‌ನಲ್ಲಿ ಮಳೆ ಹಿಡಿದುಕೊಂಡಾಗ ಮೇಲಿಂದ ಹೊದಿಸೋಕೆ ಒಂದು ಇಟ್ಟುಕೊಂಡಿರಿ, ಮಳೆ ಬಿಟ್ಟಾಗ ತೆಗೆಯಿರಿ. ಇನ್ನು ನೀರಿನ ಟ್ಯಾಂಕ್. 500 ಲೀಟರ್ ಟ್ಯಾಂಕ್ ಅಂದ್ರೆ ಅರ್ಧ ಟನ್ ಒಂದೇ ಜಾಗದಲ್ಲಿ. ಮಣ್ಣಿನ ಮಾಳಿಗೆ ಮೇಲೆ ಅದಕ್ಕೆ ಜಾಗ ಇಲ್ಲ. ಕಟ್ಟಿಗೆ ಹೊರೆ, ಹತ್ತಿ ಕಟ್ಟಿಗೆ ರಾಶಿಗೂ ಇದೇ ಮಾತು.

ಮಳೆ ಶುರುವಾದ ಮೇಲೆ

ಮೊದಲ ಹದ ಮಳೆ ಬಿದ್ದು ನಿಂತ ಮೇಲೆ ಒಮ್ಮೆ ಹತ್ತಿ. ಕೂದಲೆಳೆ ಬಿರುಕು ಇದ್ದರೆ ಒಣ ಸವಳಿನ ಪುಡಿ ಉದುರಿಸಿ ಹಿಮ್ಮಡಿಯಿಂದ ಒತ್ತಿ. ಇದಕ್ಕೆ ಅಂತಲೇ ಎರಡು ಚೀಲ ಸವಳು ಒಣಗಿಸಿ ಪಡಸಾಲೆ ಮೂಲೆಯಲ್ಲಿ ಇಟ್ಟಿರಬೇಕು. ಮಳೆಯಲ್ಲಿ ಹಸಿ ಮಣ್ಣು ಯಾವ ಕೆಲಸಕ್ಕೂ ಬರಲ್ಲ.

ಸೋರುವ ಜಾಗ ಹುಡುಕೋದು ಇಬ್ಬರ ಕೆಲಸ. ಹನಿ ಬೀಳುವಲ್ಲಿ ಮೇಲೆ ತೂತು ಇರುತ್ತದೆ ಅಂತ ಏನಿಲ್ಲ, ನೀರು ಜಂತಿ ಹಿಡಿದು ಎರಡು ಮೂರು ಅಡಿ ಓಡಿ ಬಂದಿರಬಹುದು. ಒಳಗೆ ಹನಿ ಬೀಳುವ ಜಾಗವನ್ನು ಎರಡು ಗೋಡೆಗಳಿಂದ ಅಳೆಯಿರಿ. ಮೇಲೆ ಹೋಗಿ ಅಳೆಯುವಾಗ ಗೋಡೆಯ ದಪ್ಪ ಸೇರಿಸೋದು ಮರೆಯಬೇಡಿ. ನಮ್ಮ ಮಣ್ಣಿನ ಗೋಡೆಗಳು ಒಂದೂವರೆ, ಎರಡು ಅಡಿ ದಪ್ಪ ಇರುತ್ತವೆ. ಅಷ್ಟನ್ನು ಬಿಟ್ಟು ಅಳೆದರೆ ಬೇರೆ ಕಡೆಯೇ ತುಳಿಯುತ್ತಾ ನಿಲ್ಲುತ್ತೀರಿ. ಸಿಕ್ಕ ಜಾಗದಿಂದ ಇಳಿಜಾರಿನ ಮೇಲ್ಬದಿಗೆ ಹುಡುಕುತ್ತಾ ಹೋಗಿ, ಪುಡಿ ಹಾಕಿ ತುಳಿಯಿರಿ. ಗವಾಕ್ಷಿಯಿಂದ ಮಾತು ಕೇಳಿಸುತ್ತದೆ.

“ಅವ್ವಾ, ಈಗ ನಿಂತೇನು?”

“ಇಲ್ಲಪಾ, ಇನ್ನಾ ಬೀಳಾಕ ಹತ್ತೈತಿ. ಸ್ವಲ್ಪ ಒಲಿ ಕಡಿ ಸರಿ.”

ಹೀಗೇ ಸರಿಯುತ್ತಾ ಹೋದರೆ ಜಾಗ ಸಿಗುತ್ತದೆ. ಗುಡುಗು ಸಿಡಿಲು ಇದ್ದರೆ ಮೇಲೆ ಹೋಗಲೇಬೇಡಿ, ಕೆಳಗೆ ಬುಟ್ಟಿ ಇಟ್ಟು ಕೂತಿರಿ. ಹುಬ್ಬಿ ಮಳೆಗೆ ಮುಂಚೆ, ಆಗಸ್ಟ್ ಕೊನೆಗೆ, ದೋಣಿ ಬಾಯಿ ಇನ್ನೊಮ್ಮೆ ತೆಗೆದು ಸ್ವಚ್ಛ ಮಾಡಿ.

ಮಳೆ ಬಿಡದೆ ಎರಡು ಮೂರು ದಿನ ಹಿಡಿದಾಗ ಸೋರಿಕೆಗಿಂತ ಬೇರೆ ಗುರುತುಗಳ ಮೇಲೆ ಕಣ್ಣಿಡಿ. ಜಂತಿಯಿಂದ ಲಟಲಟ ಸದ್ದು, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗೋದು, ಗೋಡೆ ಹೊಟ್ಟೆ ಬಿಟ್ಟಂತೆ ಉಬ್ಬೋದು, ಮೇಲಿಂದ ಒಣ ಮಣ್ಣು ಉದುರೋದು. ಇದರಲ್ಲಿ ಒಂದು ಕಂಡರೂ ಆ ರಾತ್ರಿ ಅಲ್ಲಿ ಮಲಗಬೇಡಿ. ಸಾಮಾನು ತೆಗೆಯೋಕೆ ಅಂತ ಒಳಗೆ ಹೋಗಿ ಬರೋದೂ ಬೇಡ. ಮಳೆ ನಿಂತು ಬಿಸಿಲು ಬಂದ ಮರುದಿನವೂ ನೆನೆದ ಗೋಡೆ ಬೀಳುವುದುಂಟು. ದನಗಳನ್ನು ಮೊದಲೇ ಬಿಚ್ಚಿ ಬೇರೆ ಕಡೆ ಕಟ್ಟಿ. ಗೋಡೆ ಬಿದ್ದೇ ಹೋದರೆ ಮಣ್ಣು ಎತ್ತುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಅವತ್ತೇ ಗ್ರಾಮ ಆಡಳಿತ ಅಧಿಕಾರಿಗೆ, ಪಂಚಾಯಿತಿಗೆ ತಿಳಿಸಿ ಪಂಚನಾಮೆ ಮಾಡಿಸಿ. ಮನೆ ಉತಾರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮಳೆಗಾಲ ಮುಗಿಯೋ ತನಕ ನೆಂಟರ ಗಟ್ಟಿ ಮನೆಯಲ್ಲಿ ಇಟ್ಟಿರಿ.